ಕಪ್ಪೆಯ ಚರ್ಮಕ್ಕೆ ಬಂದ ಕೇಡು

ಕಪ್ಪೆಯು ನೀರನ್ನು ಬಾಯಿಂದ ಕುಡಿಯುವುದಿಲ್ಲ, ಚರ್ಮದಿಂದಲೇ ಹೀರಿಕೊಳ್ಳುತ್ತದೆ. ಅದರ ಉಸಿರಾಟದ ಒಂದು ಪಾಲೂ ಚರ್ಮದ ಮೂಲಕವೇ ನಡೆಯುತ್ತದೆ. ನಮಗೆ ಚರ್ಮವು ಮುಖ್ಯವಾಗಿ ಕವಚ. ಕಪ್ಪೆಗಾದರೋ ಅದು ನೀರು, ಗಾಳಿ, ಲವಣ ಈ ಮೂರೂ ಒಳಸೇರುವ ಬಾಗಿಲು. ಇಂಥ ಅಂಗಕ್ಕೆ ರೋಗ ತಗುಲಿದರೆ ಏನಾದೀತು? ಇದನ್ನು ಈಗ ವಿಚಾರಿಸೋಣ.

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಆಸ್ಟ್ರೇಲಿಯದ ಮತ್ತು ಮಧ್ಯ ಅಮೆರಿಕದ ಬೆಟ್ಟದ ತೊರೆಗಳಲ್ಲಿ ಕಪ್ಪೆಗಳು ಇದ್ದಕ್ಕಿದ್ದಂತೆ ಕಾಣದಾದವು. ಕಾಡು ಕಡಿಯದ ರಕ್ಷಿತ ಪ್ರದೇಶಗಳಲ್ಲಿಯೂ ಹೀಗಾದುದು ವಿಜ್ಞಾನಿಗಳಿಗೆ ಒಗಟಾಯಿತು. 1998ರಲ್ಲಿ, ಆಸ್ಟ್ರೇಲಿಯ ಮತ್ತು ಪನಾಮಾಗಳಲ್ಲಿ ಸತ್ತ ಕಪ್ಪೆಗಳ ಚರ್ಮದಲ್ಲಿ ಒಂದು ಬಗೆಯ ಬೂಷ್ಟು ಇದ್ದುದು ಪ್ರಕಟವಾಯಿತು. ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದ ನೀಲಿ ಕಪ್ಪೆಯೊಂದರಿಂದ ಇದನ್ನು ಬೇರ್ಪಡಿಸಿ ಬೆಳೆಸಿ, 1999ರಲ್ಲಿ ಬಟ್ರಾಕೋಕೈಟ್ರಿಯಂ ಡೆಂಡ್ರೊಬಾಟಿಡಿಸ್ ಎಂದು ಹೆಸರಿಟ್ಟರು.

ಈ ಬೂಷ್ಟಿನ ಬೀಜಾಣುವಿಗೆ ಒಂದು ಬಾಲವುಂಟು. ಅದು ನೀರಿನಲ್ಲಿ ಈಜಿ ಬಂದು, ಚರ್ಮದ ಕೆರಾಟಿನ್ ಇರುವ ಪದರವನ್ನು ಹೊಕ್ಕು ಬೆಳೆಯುತ್ತದೆ. ಗೊದಮೊಟ್ಟೆಗೆ ಬಾಯಿಯ ಭಾಗದಲ್ಲಿ ಮಾತ್ರ ಕೆರಾಟಿನ್ ಇರುವುದರಿಂದ ಅದು ಸಾಮಾನ್ಯವಾಗಿ ಸಾಯದು. ಕಪ್ಪೆಯಾಗಿ ಮೈಯೆಲ್ಲ ಹೊಸ ಚರ್ಮ ಬಂದ ಮೇಲೆಯೇ ರೋಗ ಉಲ್ಬಣಿಸುತ್ತದೆ.

ಆದರೆ ಮೇಲ್ಚರ್ಮದ ಬೂಷ್ಟು ಪ್ರಾಣವನ್ನು ಹೇಗೆ ತೆಗೆದೀತು? ಮನುಷ್ಯರಿಗೂ ಗಜಕರ್ಣ ಬರುವುದುಂಟು. ಅದರಿಂದ ಯಾರೂ ಸಾಯುವುದಿಲ್ಲ. ಈ ಪ್ರಶ್ನೆಗೆ ಉತ್ತರ ಭೌತವಿಜ್ಞಾನದ ಅಳತೆಯೊಂದರಿಂದ ದೊರೆಯಿತು. ಕೊಳದ ನೀರಿನಲ್ಲಿ ಲವಣ ಅತ್ಯಲ್ಪ, ಕಪ್ಪೆಯ ರಕ್ತದಲ್ಲಿ ಹೆಚ್ಚು. ಆದರೂ ಏತವು ನೀರನ್ನು ತಗ್ಗಿನಿಂದ ಮೇಲಕ್ಕೆತ್ತುವಂತೆ, ಚರ್ಮವು ಶಕ್ತಿಯನ್ನು ವ್ಯಯಿಸಿ ಸೋಡಿಯಂ ಅಯಾನುಗಳನ್ನು ಒಳಕ್ಕೆ ಎಳೆಯುತ್ತದೆ. ಡೆನ್ಮಾರ್ಕಿನ ಹಾನ್ಸ್ ಉಸ್ಸಿಂಗ್ ಅವರು ಕಪ್ಪೆಯ ಚರ್ಮವನ್ನು ಎರಡು ದ್ರಾವಣಗಳ ನಡುವೆ ಪರದೆಯಂತೆ ಬಿಗಿದು, ಅದರ ಎರಡು ಮೈಗಳ ನಡುವಣ ವಿಭವಾಂತರವನ್ನು ಸೊನ್ನೆಗೆ ಇಳಿಸಿದರು. ಆಗಲೂ ಹರಿಯುವ ವಿದ್ಯುತ್ ಪ್ರವಾಹವು, ಚರ್ಮ ಸಾಗಿಸುವ ಸೋಡಿಯಮ್ಮಿಗೆ ಸಮನೆಂದು 1951ರಲ್ಲಿ ತೋರಿಸಿಕೊಟ್ಟರು.

ಇದೇ ವಿಧಾನದಿಂದ 2009ರಲ್ಲಿ ರೋಗಪೀಡಿತ ಹಸುರು ಮರಗಪ್ಪೆಗಳ ಚರ್ಮವನ್ನು ಪರೀಕ್ಷಿಸಲಾಯಿತು. ಲವಣದ ಸಾಗಣೆ ಅರ್ಧಕ್ಕಿಂತಲೂ ಕಡಿಮೆಯಾಗಿತ್ತು. ರಕ್ತದಲ್ಲಿ ಸೋಡಿಯಂ ಮತ್ತು ಪೊಟಾಸಿಯಂ ಇಳಿದಿದ್ದವು. ಹೃದಯದ ಬಡಿತಕ್ಕೆ ಈ ಅಯಾನುಗಳು ರಕ್ತದಲ್ಲಿ ತಕ್ಕ ಪ್ರಮಾಣದಲ್ಲಿ ಇರಲೇಬೇಕು. ಆದುದರಿಂದ ಕಡೆಗೆ ಹೃದಯವೇ ನಿಂತಿತು. ಲವಣದ್ರಾವಣ ಕುಡಿಸಿದ ಕಪ್ಪೆಗಳು ಕೆಲವು ಗಂಟೆ ಹೆಚ್ಚು ಬದುಕಿದುದು ಈ ವಿವರಣೆಯನ್ನು ಬಲಪಡಿಸಿತು. ಏತ ಮುರಿದುದೇ ಮರಣದ ಕಾರಣ.

ಈ ಬೂಷ್ಟಿಗೂ ಒಂದು ದೌರ್ಬಲ್ಯವಿದೆ. ಇದು 17ರಿಂದ 25 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಚೆನ್ನಾಗಿ ಬೆಳೆಯುತ್ತದೆ. 30 ಡಿಗ್ರಿಯಲ್ಲಿ ಕೆಲವು ದಿನ ಕಳೆದರೆ ಸಾಯುತ್ತದೆ. ಇದನ್ನರಿತು ಆಸ್ಟ್ರೇಲಿಯದ ಸಂಶೋಧಕರು ತೂತುಳ್ಳ ಇಟ್ಟಿಗೆಗಳಿಗೆ ಕಪ್ಪು ಬಣ್ಣ ಬಳಿದು, ಬಿಸಿಲು ಹಿಡಿಯುವ ಚಿಕ್ಕ ಪಾರದರ್ಶಕ ಗೂಡುಗಳಲ್ಲಿ ಜೋಡಿಸಿದರು. ಕಪ್ಪು ಮೈ ಬಿಸಿಲನ್ನು ಹೀರುತ್ತದೆ, ಗೂಡು ಶಾಖವನ್ನು ಹಿಡಿದಿಡುತ್ತದೆ. ಕಪ್ಪೆಗಳು ತಾವಾಗಿಯೇ ಆ ತೂತುಗಳಲ್ಲಿ ನೆಲೆಸಿ ರೋಗಮುಕ್ತವಾದುವೆಂದೂ, ಗುಣವಾದವು ಮುಂದೆ ತಂಪಿನಲ್ಲಿಯೂ ರೋಗವನ್ನು ಹೆಚ್ಚು ತಡೆದುವೆಂದೂ 2024ರಲ್ಲಿ ವರದಿಯಾಯಿತು. ಆದರೆ ಶಾಖ ಸಹಿಸದ ಬೆಟ್ಟದ ಜಾತಿಗಳಿಗೆ ಈ ಉಪಾಯ ಸಲ್ಲದು.

ಹಾನಿಯ ಪ್ರಮಾಣವು ಅಲ್ಪವಲ್ಲ. 2019ರ ಒಂದು ಅಂದಾಜಿನಂತೆ ಈ ರೋಗದಿಂದ ಕನಿಷ್ಠ 501 ಜಾತಿಗಳು ಕ್ಷೀಣಿಸಿವೆ. ಅವುಗಳಲ್ಲಿ 90 ಅಳಿದುಹೋದಂತಿವೆ. ಬೂಷ್ಟಿನ ಮೂಲ ಪೂರ್ವ ಏಷ್ಯವೆಂದು 2018ರ ವಂಶವಾಹಿ ಅಧ್ಯಯನ ಸೂಚಿಸಿತು. ಅದನ್ನು ಖಂಡದಿಂದ ಖಂಡಕ್ಕೆ ಒಯ್ದುದರಲ್ಲಿ ಕಪ್ಪೆಗಳ ವ್ಯಾಪಾರದ ಪಾತ್ರ ದೊಡ್ಡದು. ನಮ್ಮ ಪಶ್ಚಿಮಘಟ್ಟದ ಕಪ್ಪೆಗಳ ಮೇಲೆಯೂ ಇದು ಕಂಡುಬಂದಿದೆ. ಸುದೈವದಿಂದ ಪನಾಮಾದಂಥ ಸಾಮೂಹಿಕ ಮರಣ ಇಲ್ಲಿ ಕಂಡಿಲ್ಲ.

ಕಪ್ಪೆ ಅಳಿದರೆ ನಮಗೇನು ನಷ್ಟವೆಂದು ಕೇಳುವವರಿದ್ದಾರೆ. ಕೋಸ್ಟರಿಕ ಮತ್ತು ಪನಾಮಾಗಳಲ್ಲಿ ಕಪ್ಪೆಗಳು ಕಡಿಮೆಯಾದ ಮೇಲೆ ಮಲೇರಿಯ ಹೆಚ್ಚಿತೆಂದು 2022ರ ಅಧ್ಯಯನವೊಂದು ಕಂಡುಹಿಡಿಯಿತು. ಗೊದಮೊಟ್ಟೆ ಮತ್ತು ಕಪ್ಪೆಗಳು ಸೊಳ್ಳೆಯ ವೃದ್ಧಿಗೆ ತಡೆಯಾಗಿದ್ದುವೆಂಬುದು ಅದರ ವಿವರಣೆ. ಕಾಡಿನಲ್ಲಿ ಹರಡಿದ ಬೂಷ್ಟನ್ನು ಹಿಂದೆಗೆಯುವುದು ಬಹು ಕಠಿಣ; ಹೊಸ ನಾಡಿಗೆ ಅದು ಕಾಲಿಡದಂತೆ ಜೀವಿಗಳ ಸಾಗಣೆಯನ್ನು ಪರೀಕ್ಷಿಸುವುದು ಸಾಧ್ಯ. ನಾವು ಮಾಡಬೇಕಾದ ಮೊದಲ ಕೆಲಸವೂ ಅದೇ.