ವಕೀಲರಿಗೆ ಕೊಡಲು ಹಣವಿಲ್ಲದವರಿಗೆ ಉಚಿತ ಕಾನೂನು ನೆರವು



ಲೂಕನ ಶುಭಸಂದೇಶದ 18ನೇ ಅಧ್ಯಾಯದ ವಿಧವೆಯನ್ನು ನಾವೆಲ್ಲ ಬಲ್ಲೆವು. ನ್ಯಾಯಾಧೀಶನ ಬಳಿಗೆ ಮತ್ತೆ ಮತ್ತೆ ಹೋದಳು. ಅವಳ ಪರವಾಗಿ ಮಾತಾಡುವ ವಕೀಲ ಮಾತ್ರ ಆ ಕಥೆಯಲ್ಲಿಲ್ಲ. ಈ ಸಲದ ಯುವಜನ ಪಾಠಕ್ಕೆ ನಾವು ಆರಿಸಿಕೊಂಡದ್ದು ಆ ವಕೀಲನನ್ನೇ. ಅಂಥವನು ಈಗ ಇದ್ದಾನೆ, ಅವನ ಸಂಭಾವನೆಯನ್ನು ಸರಕಾರದ ಹಣದಿಂದ ಕೊಡಲಾಗುತ್ತದೆ.

1976ರಲ್ಲಿ ಸಂವಿಧಾನಕ್ಕೆ 39ಎ ವಿಧಿ ಸೇರಿತು. ಬಡತನದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು, ಅದಕ್ಕಾಗಿ ಸರಕಾರ ಉಚಿತ ನೆರವು ಕೊಡಬೇಕು ಎಂಬುದು ಅದರ ಸಾರ. ಅದಕ್ಕೆ ಮೊದಲೇ, 1973ರಲ್ಲಿ, ವಿ.ಆರ್. ಕೃಷ್ಣ ಅಯ್ಯರ್ ಅವರ ಸಮಿತಿ ಈ ಬಗ್ಗೆ ವರದಿ ಕೊಟ್ಟಿತ್ತು. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಬಂದದ್ದು 1987ರಲ್ಲಿ, ಜಾರಿಯಾದದ್ದು 1995ರ ನವೆಂಬರ್ 9ರಂದು.

ಯಾರಿಗೆ ಸಿಗುತ್ತದೆ? ಕಾಯ್ದೆಯ 12ನೇ ಸೆಕ್ಷನ್ ಓದಿದಾಗ ನಮಗೇ ಆಶ್ಚರ್ಯವಾಯಿತು. ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯದ ಮಿತಿಯೇ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಜೀತ ಅಥವಾ ಮಾನವ ಸಾಗಣೆಗೆ ಸಿಕ್ಕವರು, ನೆರೆ ಬರಗಳಲ್ಲಿ ನೊಂದವರು, ಬಂಧನದಲ್ಲಿರುವವರು, ಇವರಿಗೂ ಇಲ್ಲ. ಕೈಗಾರಿಕಾ ಕಾರ್ಮಿಕರೂ ಈ ಪಟ್ಟಿಯಲ್ಲಿದ್ದಾರೆ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಹೊಲಿಯುವ ನಮ್ಮ ಅಕ್ಕಂದಿರು ಹೆಂಗಸೆಂದೂ ಅರ್ಹರು, ಕಾರ್ಮಿಕರೆಂದೂ ಅರ್ಹರು! ಉಳಿದವರಿಗೆ ರಾಜ್ಯ ನಿಗದಿಪಡಿಸಿದ ಆದಾಯ ಮಿತಿಯಿದೆ. ಅದಕ್ಕೆ ಅಫಿಡವಿಟ್ ಸಾಕು. ಆದರೆ ಕೇಳಿದ ಪ್ರತಿಯೊಂದು ಕೇಸಿಗೂ ವಕೀಲರು ಸಿಗುವುದಿಲ್ಲ. ಮೇಲ್ನೋಟಕ್ಕೆ ಕೇಸಿನಲ್ಲಿ ಹುರುಳಿದೆ ಎಂದು ಪ್ರಾಧಿಕಾರಕ್ಕೆ ಅನ್ನಿಸಬೇಕು.

ಈ ಎರಡು ಜಿಲ್ಲೆಗಳ ಗಿರಣಿಗಳಲ್ಲಿ ಹಿಂದೆ ‘ಸುಮಂಗಲಿ’ ಎಂಬ ಪದ್ಧತಿ ಹೆಸರಾಗಿತ್ತು. ಮೂರು ವರ್ಷ ದುಡಿದರೆ ಮದುವೆಗೆ ದೊಡ್ಡ ಮೊತ್ತ ಎಂದು ಹುಡುಗಿಯರನ್ನು ಕರೆತರುವುದು, ನಡುವೆ ಕಾಯಿಲೆಬಿದ್ದು ಹೊರಟವಳಿಗೆ ಆ ಹಣ ಕೈತಪ್ಪುವುದು. ಕೇಳಲು ಹೋಗಬೇಕಾದರೆ ಎಲ್ಲಿಗೆ ಎಂದೇ ಎಷ್ಟೋ ಮನೆಗಳಿಗೆ ಗೊತ್ತಿರಲಿಲ್ಲ. ಬಾಕಿ ಕೂಲಿ, ಕೆಲಸದಲ್ಲಾದ ಗಾಯಕ್ಕೆ ಪರಿಹಾರ, ಗಂಡನಿಂದ ಜೀವನಾಂಶ, ಮನೆಯೊಳಗಿನ ಹೊಡೆತ, ಆಸ್ತಿಯ ಪಾಲು, ಎಲ್ಲಕ್ಕೂ ಈ ನೆರವು ಕೇಳಬಹುದು.

ಆಸ್ತಿಯ ವಿಚಾರ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಗಂಡ ತೀರಿಹೋದ ಮೇಲೆ ಮೈದುನಂದಿರು ತಮಿಳಿನಲ್ಲಿ ಬರೆದ ಛಾಪಾ ಕಾಗದ ತಂದು, “ಅತ್ತಿಗೆ, ಇಲ್ಲೊಂದು ಸಹಿ ಹಾಕಿ” ಎಂದರೆ ಏನು ಮಾಡಬೇಕು? ನಮ್ಮ ಹಿರಿಯರಲ್ಲಿ ಅನೇಕರಿಗೆ ತಮಿಳು ಮಾತಾಡಲು ಬರುತ್ತದೆ, ಓದಲು ಬಾರದು. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ವಿಲ್ ಬರೆಯದೆ ತೀರಿದವನ ಆಸ್ತಿಯಲ್ಲಿ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದದ್ದು ಮಕ್ಕಳಿಗೆ. ಮಗನಿಗೂ ಮಗಳಿಗೂ ಸಮ. ಮಕ್ಕಳಿದ್ದಾಗ ಗಂಡನ ಅಣ್ಣತಮ್ಮಂದಿರಿಗೆ ಅವನ ಆಸ್ತಿಯಲ್ಲಿ ಏನೂ ಇಲ್ಲ. ಮಕ್ಕಳಿಲ್ಲದಿದ್ದರೂ ಅರ್ಧ ಅವಳದೇ. ಓದಿಸಿ ಕೇಳದೆ ಸಹಿ ಹಾಕಬೇಡಿ. ಕಾಗದ ಎತ್ತಿಕೊಂಡು ಪ್ರಾಧಿಕಾರದ ಕಚೇರಿಗೆ ಹೋಗಿ. ಸಲಹೆ ಕೇಳುವುದಕ್ಕೂ ದುಡ್ಡಿಲ್ಲ.

ಇನ್ನೊಂದು ಗೊಂದಲ ನಮ್ಮಲ್ಲೇ ಇರುವಂಥದು. ಧರ್ಮಸಭೆಯ ನ್ಯಾಯಮಂಡಳಿ ಮದುವೆ ಅಸಿಂಧು ಎಂದರೆ ಸರಕಾರದ ಕಾನೂನಿನಲ್ಲೂ ಮದುವೆ ಮುಗಿದಂತೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಕರ್ನಾಟಕದ ಕ್ಲಾರೆನ್ಸ್ ಪಾಯ್ಸ್ ಅವರು ಆ ತೀರ್ಪಿಗೆ ಕಾನೂನಿನ ಮಾನ್ಯತೆ ಬೇಕೆಂದು ಸುಪ್ರೀಂ ಕೋರ್ಟಿಗೆ ಹೋಗಿದ್ದರು; 2017ರ ಜನವರಿಯಲ್ಲಿ ಅರ್ಜಿ ವಜಾ ಆಯಿತು. ಸಿವಿಲ್ ನ್ಯಾಯಾಲಯದ ತೀರ್ಪು ಬೇರೆಯೇ ಬೇಕು. ಅದಕ್ಕೂ ಹೆಂಗಸರು ಉಚಿತ ವಕೀಲರನ್ನು ಕೇಳಬಹುದು.

ಹೋಗುವುದು ಎಲ್ಲಿಗೆ? ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರಾಗಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೋಯಂಬತ್ತೂರಿನಲ್ಲೂ ತಿರುಪ್ಪೂರಿನಲ್ಲೂ ಇದೆ. ಪೊಳ್ಳಾಚಿ, ಉಡುಮಲಪೇಟೆ, ಧಾರಾಪುರದ ಕಡೆಯವರು ತಾಲ್ಲೂಕು ಸಮಿತಿಗೆ ಹೋಗಬಹುದು. ಕೋರ್ಟಿನ ಆವರಣದಲ್ಲಿ “ಸಟ್ಟಪ್ಪಣಿಗಳ್ ಆಣೈಕ್ಕುಳು ಎಲ್ಲಿದೆ?” ಎಂದು ಕೇಳಿದರೆ ತೋರಿಸುತ್ತಾರೆ, ಬೋರ್ಡಿನಲ್ಲಿರುವ ತಮಿಳು ಹೆಸರು ಅದೇ. ದೂರವಾಣಿ 15100. ಅರ್ಜಿ ಬರೆಯಲು ಬಾರದವರ ಮಾತನ್ನು ಕಚೇರಿಯವರೇ ಬರೆದುಕೊಂಡು, ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಪಡೆಯಬೇಕೆಂದು ನಿಯಮವಿದೆ. ಕೋರ್ಟ್ ಶುಲ್ಕ, ದಾಖಲೆಗಳ ಅನುವಾದದ ಖರ್ಚು ಕೂಡ ಈ ನೆರವಿನಲ್ಲಿ ಸೇರುತ್ತದೆ. ನೇಮಕವಾದ ವಕೀಲರು ನಿಮ್ಮಿಂದ ಹಣ ಪಡೆಯುವಂತಿಲ್ಲ. ಯಾರಾದರೂ ಕೇಳಿದರೆ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಿ.

ಲೋಕ ಅದಾಲತ್ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿ ಎರಡೂ ಕಡೆಯವರು ಒಪ್ಪಿದರೆ ಕೇಸು ಬೇಗ ಮುಗಿಯುತ್ತದೆ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸು ಬರುತ್ತದೆ. ಒಳ್ಳೆಯದೇ. ಆದರೆ ಅಲ್ಲಾದ ರಾಜಿ ಸಿವಿಲ್ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಮೊತ್ತ ಎಷ್ಟು, ಯಾವಾಗ ಕೊಡುತ್ತಾರೆ, ಕೊಡದಿದ್ದರೆ ಏನು ಎಂಬುದು ನಿಮಗೆ ತಿಳಿಯುವ ಮಾತಿನಲ್ಲಿ ಕೇಳಿದ ಮೇಲೆಯೇ ಒಪ್ಪಿ. ಒಪ್ಪದಿದ್ದರೆ ಕೇಸು ಕೋರ್ಟಿನಲ್ಲೇ ಮುಂದುವರಿಯುತ್ತದೆ, ಹೆದರಬೇಕಾಗಿಲ್ಲ.

ಆಧಾರ್ ಕಾರ್ಡು, ರೇಷನ್ ಕಾರ್ಡು, ಕೇಸಿಗೆ ಸಂಬಂಧಿಸಿದ ಎಲ್ಲ ಕಾಗದಗಳ ನಕಲು ಜೊತೆಗಿರಲಿ. ಜೊತೆಯಲ್ಲಿ ಬಂದು ತಮಿಳು ಓದಿ ಹೇಳಲು ಯಾರಾದರೂ ಬೇಕಿದ್ದರೆ ಭಾನುವಾರದ ಕನ್ನಡ ಪೂಜೆಯ ನಂತರ ನಮ್ಮಲ್ಲಿ ಯಾರಿಗಾದರೂ ತಿಳಿಸಿ. ವಿಷಯ ಏನೆಂದು ಎಲ್ಲರ ಮುಂದೆ ಹೇಳಬೇಕಾಗಿಲ್ಲ.