ಮನೆ ಖಾಲಿ ಮಾಡಿ ಅಂತ ನೋಟಿಸ್ ಬಂತೇ? ಚೆನ್ನೈ ಬಾಡಿಗೆದಾರರಿಗೆ ಹತ್ತು ಸೂತ್ರಗಳು

ವೇಳಚೇರಿಯ ಫ್ಲ್ಯಾಟ್ ಇರಲಿ, ಮೈಲಾಪುರದ ಗಲ್ಲಿಯ ಪೋರ್ಷನ್ ಇರಲಿ, ಹೌಸ್ ಓನರ್ ಕಡೆಯ ವಕೀಲರ ಕವರ್ ಬಂದಾಗ ಬಾಡಿಗೆದಾರರು ಸಾಮಾನ್ಯವಾಗಿ ಎರಡರಲ್ಲೊಂದು ತಪ್ಪು ಮಾಡುತ್ತಾರೆ. ಕೆಲವರು ಹೆದರಿ ಅಂದೇ ಗಂಟುಮೂಟೆ ಕಟ್ಟಲು ಶುರುಮಾಡುತ್ತಾರೆ. ಕೆಲವರು ‘ಈ ನೋಟಿಸ್ ನಡೆಯೋದಿಲ್ಲ ಬಿಡಿ’ ಎಂದು ಅದನ್ನು ಟಿ.ವಿ. ಹಿಂದೆ ಸಿಕ್ಕಿಸಿ ಮರೆಯುತ್ತಾರೆ.

ತಮಿಳುನಾಡಿನ 1960ರ ಬಾಡಿಗೆ ನಿಯಂತ್ರಣ ಕಾಯ್ದೆ ಈಗಿಲ್ಲ. ಮನೆ ಮಾಲೀಕರು ಮತ್ತು ಬಾಡಿಗೆದಾರರ ಹಕ್ಕು, ಹೊಣೆಗಳನ್ನು ನಿಗದಿಪಡಿಸುವ 2017ರ ಕಾಯ್ದೆ 2019ರ ಫೆಬ್ರವರಿ 22ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಬಾಡಿಗೆದಾರರನ್ನು ಮನೆಯಿಂದ ಬಿಡಿಸಲು ಬಾಡಿಗೆ ನ್ಯಾಯಾಲಯದ ಆದೇಶ ಬೇಕು. ಬರೀ ನೋಟಿಸಿನಿಂದ ಯಾರೂ ಬೀದಿಗೆ ಬೀಳುವುದಿಲ್ಲ. ಹಾಗೆಯೇ ನೋಟಿಸಿನಲ್ಲಿ ತಪ್ಪಿದೆ ಎಂಬ ಒಂದೇ ಕಾರಣಕ್ಕೆ ಯಾರಿಗೂ ಮನೆ ಉಳಿಯುವುದಿಲ್ಲ. ಆ ಆದೇಶದ ತನಕ ಸಿಗುವ ಸಮಯವನ್ನು ಹೇಗೆ ಬಳಸಿಕೊಳ್ಳುತ್ತೀರಿ ಎನ್ನುವುದರಲ್ಲೇ ಎಲ್ಲವೂ ಇದೆ.

1. ಕವರ್ ತೆಗೆದುಕೊಳ್ಳಿ, ತಾರೀಖು ಬರೆದಿಡಿ

ಪೋಸ್ಟ್‌ಮ್ಯಾನ್ ತಂದ ನೋಟಿಸನ್ನು ವಾಪಸ್ ಕಳಿಸುವುದು ಜಾಣತನವಲ್ಲ. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ ಪತ್ರವನ್ನು ನೀವು ನಿರಾಕರಿಸಿದರೂ ಅದು ತಲುಪಿದೆ ಎಂದೇ ನ್ಯಾಯಾಲಯ ಭಾವಿಸುತ್ತದೆ. ಮನೆಯ ಬೇರೆ ಸದಸ್ಯರ ಕೈಗೆ ಕೊಟ್ಟರೂ ನಡೆಯುತ್ತದೆ. ಬೇರೆ ದಾರಿ ಇಲ್ಲದಿದ್ದಾಗ ಬಾಗಿಲಿಗೆ ಅಂಟಿಸಿದರೂ ಸಾಕು. ಕವರಿನ ಎರಡೂ ಬದಿಯ ಫೋಟೊ ತೆಗೆಯಿರಿ, ಅಂಚೆ ಮುದ್ರೆಯ ದಿನಾಂಕ ಕಾಣುವಂತಿರಲಿ. ಕೈಗೆ ಬಂದ ದಿನವನ್ನು ಕವರಿನ ಮೇಲೆಯೇ ಬರೆದಿಡಿ. ಮುಂದಿನ ಎಲ್ಲ ಗಡುವುಗಳ ಲೆಕ್ಕ ಶುರುವಾಗುವುದು ಅಲ್ಲಿಂದಲೇ.

2. ನಿಮ್ಮ ಮನೆಗೆ ಯಾವ ಕಾನೂನು ಅನ್ವಯ, ಮೊದಲು ತಿಳಿಯಿರಿ

ಖಾಸಗಿ ಮಾಲೀಕರ ಮನೆಯಾದರೆ ಸಾಮಾನ್ಯವಾಗಿ 2017ರ ಕಾಯ್ದೆ. ಮಾಲೀಕತ್ವ ಸರ್ಕಾರದ್ದು, ದೇವಸ್ಥಾನದ್ದು ಅಥವಾ ವಕ್ಫ್‌ನದ್ದಾಗಿದ್ದರೆ ಲೆಕ್ಕಾಚಾರವೇ ಬೇರೆ. ಮೈಲಾಪುರ, ತಿರುವಲ್ಲಿಕ್ಕೇಣಿಯಂಥ ಹಳೇ ಬಡಾವಣೆಗಳಲ್ಲಿ ದೇವಸ್ಥಾನದ ಜಾಗದ ಮನೆಗಳಿವೆ. ಬಾಡಿಗೆ ರಸೀದಿಯ ಮೇಲೆ ಯಾರ ಹೆಸರಿದೆ ನೋಡಿ. ಕಂಪನಿ ಕೊಟ್ಟ ಕ್ವಾರ್ಟರ್ಸ್‌ನಲ್ಲಿದ್ದರೂ ಈ ಸೂತ್ರಗಳನ್ನು ನೆಚ್ಚುವ ಮೊದಲು ವಕೀಲರನ್ನು ಕೇಳಿ.

3. ಪೆನ್ಸಿಲ್ ಹಿಡಿದು ಓದಿ

ನೋಟಿಸ್ ತಮಿಳಿನಲ್ಲಿದ್ದು ಓದಲು ಬಾರದಿದ್ದರೆ ನಂಬಿಕಸ್ಥರಿಂದ ಸಾಲು ಸಾಲಾಗಿ ಓದಿಸಿ ಕೇಳಿ, ಅಂದಾಜಿನ ಮೇಲೆ ಹೋಗಬೇಡಿ. ಈ ಐದು ಸಂಗತಿಗಳಿಗೆ ಗುರುತು ಹಾಕಿ:

ಯಾರು ಕಳಿಸಿದ್ದು? ಕರಾರಿನಲ್ಲಿರುವ ಮಾಲೀಕರೇ, ಅವರ ಮಗನೇ, ಬ್ರೋಕರೇ?

ಯಾರಿಗೆ, ಯಾವ ಮನೆಗೆ? ಚೆನ್ನೈನಲ್ಲಿ ಎಷ್ಟೋ ಮನೆಗಳಿಗೆ ಹಳೇ ನಂಬರ್, ಹೊಸ ನಂಬರ್ ಎರಡೂ ಇವೆ. ಮಹಡಿ ಸೇರಿಸಿ ತಾಳೆ ನೋಡಿ.

ಏನು ಕಾರಣ? ಬಾಡಿಗೆ ಬಾಕಿಯೇ, ಸ್ವಂತ ಉಪಯೋಗವೇ, ಕಟ್ಟಡ ಕೆಡವಿ ಕಟ್ಟುವುದೇ, ಒಪ್ಪಿಗೆಯಿಲ್ಲದೆ ಬೇರೆಯವರಿಗೆ ಕೊಟ್ಟ ಆರೋಪವೇ? ಕಾಯ್ದೆಯ 21ನೇ ಸೆಕ್ಷನ್‌ನಲ್ಲಿ ಇಂಥ ಕಾರಣಗಳ ಪಟ್ಟಿಯೇ ಇದೆ. ‘ಬಾಡಿಗೆ ಜಾಸ್ತಿ ಕೊಡೋರು ಸಿಕ್ಕಿದ್ದಾರೆ’ ಎನ್ನುವುದು ಆ ಪಟ್ಟಿಯಲ್ಲಿಲ್ಲ.

ಎಷ್ಟು ಸಮಯ? ಕರಾರಿನಲ್ಲಿ ಎರಡು ತಿಂಗಳ ನೋಟಿಸ್ ಎಂದಿದ್ದು ಇಲ್ಲಿ 15 ದಿನ ಎಂದಿದೆಯೇ? ಬೇರೆ ಮಾತಿಲ್ಲದ ಮಾಸಿಕ ಬಾಡಿಗೆಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ಹೇಳುವುದು 15 ದಿನ.

ಸಹಿ ಇದೆಯೇ? ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ನೋಟಿಸ್ ಲಿಖಿತವಾಗಿದ್ದು ಸಹಿ ಇರಬೇಕು. ಬರೀ ವಾಟ್ಸ್‌ಆ್ಯಪ್ ಸಂದೇಶಕ್ಕೆ ಅಷ್ಟು ತೂಕವಿಲ್ಲ. ಹಾಗಂತ ಅದನ್ನು ಅಳಿಸಬೇಡಿ.

4. ತಪ್ಪು ಸಿಕ್ಕಿತೆಂದು ಹಿಗ್ಗಬೇಡಿ

ಹೆಚ್ಚಿನವರು ಎಡವುವುದು ಇಲ್ಲೇ. 1979ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ ಧನಪಾಲ್ ಚೆಟ್ಟಿಯಾರ್ ಪ್ರಕರಣದಲ್ಲಿ ಒಂದು ಮಾತು ಇತ್ಯರ್ಥ ಮಾಡಿತು. ಆ ಮೊಕದ್ದಮೆ ಹೋಗಿದ್ದೂ ತಮಿಳುನಾಡಿನಿಂದಲೇ. ರಾಜ್ಯದ ಬಾಡಿಗೆ ಕಾಯ್ದೆಯಲ್ಲಿ ಮನೆ ಬಿಡಿಸಲು ಅರ್ಜಿ ಹಾಕುವವರು ಅದಕ್ಕೂ ಮೊದಲು ಆಸ್ತಿ ವರ್ಗಾವಣೆ ಕಾಯ್ದೆಯ ನೋಟಿಸ್ ಕೊಡಲೇಬೇಕೆಂದಿಲ್ಲ ಎಂಬುದು ಆ ತೀರ್ಪಿನ ಸಾರ. ಇನ್ನು ಆಸ್ತಿ ವರ್ಗಾವಣೆ ಕಾಯ್ದೆಯ ನೋಟಿಸೇ ಆದರೂ, ಕೊಟ್ಟ ಅವಧಿ ಕಡಿಮೆಯಾಯಿತು ಎಂಬ ಕಾರಣಕ್ಕಷ್ಟೇ ಅದು ಬಿದ್ದುಹೋಗದಂತೆ ಕೇಂದ್ರದ ತಿದ್ದುಪಡಿ ಬಂದಿದೆ. ಪೂರ್ತಿ ಅವಧಿ ಕಳೆದ ಮೇಲೆ ದಾವೆ ಹೂಡಿದ್ದರೆ ಸಾಕು.

ಅಂದರೆ ಇಂದಿನ ನೋಟಿಸ್ ನಿಲ್ಲದಿದ್ದರೆ ನಾಳೆ ಇನ್ನೊಂದು ಬರುತ್ತದೆ. ತಪ್ಪು ನೋಟಿಸಿನಿಂದ ನಿಮಗೆ ಸಿಗುವುದು ಕಾಲಾವಕಾಶ. ಅದನ್ನೇ ಗೆಲುವು ಎಂದುಕೊಂಡು ಕೂತವರು ಎರಡನೇ ನೋಟಿಸಿಗೆ ತಯಾರಿರುವುದಿಲ್ಲ.

5. ಬಾಡಿಗೆ ಮಾತ್ರ ನಿಲ್ಲಿಸಬೇಡಿ

ಓನರ್ ಮೇಲಿನ ಸಿಟ್ಟಿಗೆ ಬಾಡಿಗೆ ತಡೆಹಿಡಿಯುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ. ಅಲ್ಲಿಯವರೆಗೆ ಅವರ ಹತ್ತಿರ ಕಾರಣ ಇಲ್ಲದಿದ್ದರೆ ನೀವೇ ಒದಗಿಸಿಕೊಟ್ಟಂತೆ, ಏಕೆಂದರೆ ಎರಡು ತಿಂಗಳ ಬಾಕಿ ಮನೆ ಬಿಡಿಸಲು ಕಾಯ್ದೆಯೇ ಒಪ್ಪುವ ಕಾರಣ. ‘ಹೇಗೂ ಅಡ್ವಾನ್ಸ್ ಇದೆಯಲ್ಲ, ಅದರಲ್ಲೇ ಮುರಿದುಕೊಳ್ಳಲಿ’ ಎಂದು ನೀವಾಗಿ ತೀರ್ಮಾನಿಸಬೇಡಿ. ಓನರ್ ಲಿಖಿತವಾಗಿ ಒಪ್ಪಿದರೆ ಮಾತ್ರ ಆ ಮಾತು.

ನಗದು ಬೇಡ. ಬ್ಯಾಂಕ್ ಇಲ್ಲವೇ ಯುಪಿಐ ಮೂಲಕ ಕಟ್ಟಿ, ಯಾವ ತಿಂಗಳ ಬಾಡಿಗೆ ಎಂದು ನಮೂದಿಸಿ. ಅವರು ತೆಗೆದುಕೊಳ್ಳಲು ಒಪ್ಪದಿದ್ದರೆ ಸತತ ಎರಡು ತಿಂಗಳು ಮನಿ ಆರ್ಡರ್‌ನಂಥ ದಾಖಲೆ ಉಳಿಯುವ ದಾರಿಯಲ್ಲಿ ಕಳಿಸಿ, ಆಮೇಲೂ ನಿರಾಕರಿಸಿದರೆ ಬಾಡಿಗೆ ಪ್ರಾಧಿಕಾರದಲ್ಲಿ (ರೆಂಟ್ ಅಥಾರಿಟಿ) ಠೇವಣಿ ಇಡಲು ಕಾಯ್ದೆಯಲ್ಲಿ ಅವಕಾಶವಿದೆ. ನಿಜವಾಗಿಯೂ ಬಾಕಿ ಉಳಿಸಿಕೊಂಡಿದ್ದರೆ, ಅದನ್ನು ಕೇಳುವ ನೋಟಿಸ್ ತಲುಪಿದ ಒಂದು ತಿಂಗಳೊಳಗೆ ಬಡ್ಡಿ ಸಮೇತ ಪೂರ್ತಿ ಕಟ್ಟಿಬಿಡಿ. ಮೊದಲ ಸಲ ಕಾನೂನು ಈ ರಿಯಾಯಿತಿ ಕೊಡುತ್ತದೆ. ಮತ್ತೆ ಮತ್ತೆ ಅದನ್ನೇ ನೆಚ್ಚಬೇಡಿ.

6. ಉತ್ತರ ಬರೆಯಿರಿ, ಚಿಕ್ಕದಾಗಿ ಬರೆಯಿರಿ

ಮೌನವಾಗಿದ್ದರೆ ಆರೋಪಗಳನ್ನು ಒಪ್ಪಿಕೊಂಡಂತೆ ಕಾಣುತ್ತದೆ. ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಬರೆಸಿ, ಒಕ್ಕಣೆ ಹೀಗಿರಲಿ:

“ನಿಮ್ಮ ನೋಟಿಸ್ ಜೂನ್ 12ರಂದು ತಲುಪಿತು. ಎರಡು ತಿಂಗಳ ಬಾಡಿಗೆ ಬಾಕಿಯಿದೆ ಎಂಬುದನ್ನು ಒಪ್ಪುವುದಿಲ್ಲ. ಏಪ್ರಿಲ್ ಮತ್ತು ಮೇ ತಿಂಗಳ ಬಾಡಿಗೆ ನಿಮ್ಮ ಬ್ಯಾಂಕ್ ಖಾತೆಗೆ ಜಮೆಯಾಗಿದೆ, ವಿವರ ಲಗತ್ತಿಸಿದೆ. ನೋಟಿಸಿನ ಉಳಿದ ಆರೋಪಗಳನ್ನೂ ಒಪ್ಪುವುದಿಲ್ಲ. ಬಾಡಿಗೆಯನ್ನು ಎಂದಿನಂತೆ ಕಟ್ಟುತ್ತೇನೆ. ನನ್ನ ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿಕೊಂಡು ಈ ಉತ್ತರ ಬರೆದಿದ್ದೇನೆ.”

ಇಷ್ಟು ಸಾಕು. ನೋಟಿಸಿನ ಕಾನೂನು ದೋಷಗಳನ್ನೆಲ್ಲ ಪಾಠ ಒಪ್ಪಿಸಿದಂತೆ ಬರೆದರೆ ಎದುರು ವಕೀಲರು ಅವನ್ನೇ ತಿದ್ದಿ ಹೊಸದು ಕಳಿಸುತ್ತಾರೆ. ಯಾವುದನ್ನು ಯಾವಾಗ ಎತ್ತಬೇಕು ಎಂಬುದನ್ನು ನಿಮ್ಮ ವಕೀಲರಿಗೆ ಬಿಡಿ. ಅಂಚೆಯ ರಸೀದಿ, ತಲುಪಿದ ದಾಖಲೆ ಎರಡನ್ನೂ ಫೈಲಿಗೆ ಹಾಕಿ.

7. ‘ನೀನ್ಯಾರು ಕೇಳೋಕೆ’ ಎನ್ನಬೇಡಿ

ಮನೆ ಮಾರಾಟವಾಗಿ ಹೊಸಬರು ನೋಟಿಸ್ ಕಳಿಸಿದರೆ, ನೀವು ಓನರೇ ಅಲ್ಲ ಎಂದು ಬರೆಯಬೇಡಿ. ಮಾಲೀಕತ್ವ ನಿರಾಕರಿಸಿದ ಬಾಡಿಗೆದಾರರಿಗೆ ಅದೇ ಮಾತು ಉರುಳಾಗಬಹುದು. ಕ್ರಯಪತ್ರದ ಪ್ರತಿಯನ್ನೂ, ಇನ್ನು ಮುಂದೆ ಬಾಡಿಗೆ ಇವರಿಗೇ ಕೊಡಿ ಎಂದು ಹಳೇ ಓನರ್ ಬರೆದ ಪತ್ರವನ್ನೂ ಕೇಳಿ. ಕೊಂಡವರು ಹಳೇ ಮಾಲೀಕರ ಜಾಗಕ್ಕೆ ಬರುತ್ತಾರೆ. ಮಾರಾಟವಾದ ಮಾತ್ರಕ್ಕೆ ನಿಮ್ಮ ಬಾಡಿಗೆ ಸಂಬಂಧ ಮುರಿದುಬೀಳುವುದಿಲ್ಲ.

8. ನೀರು, ಕರೆಂಟ್ ನಿಲ್ಲಿಸಿದರೆ ಅಂದೇ ದೂರು ಕೊಡಿ

ಮೋಟಾರ್ ಆನ್ ಮಾಡದಿರುವುದು, ಇಬಿ ಫ್ಯೂಸ್ ಕೀಳುವುದು, ಲಿಫ್ಟ್ ಬಂದ್ ಮಾಡುವುದು ಓನರ್‌ಗಳ ಹಳೇ ವರಸೆ. ಅಗತ್ಯ ಸೌಲಭ್ಯಗಳನ್ನು ಹೀಗೆ ಕಡಿತ ಮಾಡುವಂತಿಲ್ಲ. ದೂರು ಕೊಟ್ಟರೆ ವಿಚಾರಣೆ ಮುಗಿಯುವ ಮೊದಲೇ ಮರಳಿ ಕೊಡಿಸುವ ಅಧಿಕಾರ ಬಾಡಿಗೆ ಪ್ರಾಧಿಕಾರಕ್ಕಿದೆ. ದಿನಾಂಕ, ಸಮಯ ಕಾಣುವ ವಿಡಿಯೊ, ಇಬಿ ಬಿಲ್ ಕಟ್ಟಿದ ರಸೀದಿ ನಿಮ್ಮ ಹತ್ತಿರ ಇರಲಿ.

ಬೀಗ ಬದಲಾಯಿಸಿದರೆ, ಸಾಮಾನು ಹೊರಗಿಟ್ಟರೆ ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಕೋರ್ಟಿನ ಆದೇಶವಿಲ್ಲದೆ ನಿಮ್ಮನ್ನು ಖಾಲಿ ಮಾಡಿಸುವ ಅಧಿಕಾರ ಪೊಲೀಸರಿಗೂ ಇಲ್ಲ. ಬಲವಂತವಾಗಿ ಹೊರಹಾಕಿದ್ದರೆ ಸ್ವಾಧೀನ ಮರಳಿ ಕೇಳಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಕೊಡುವ ಗಡುವು ಆರು ತಿಂಗಳು. ಆದರೆ ಆರು ದಿನವೂ ಕಾಯಬೇಡಿ, ವಕೀಲರ ಬಳಿ ಓಡಿ.

9. ಸಮನ್ಸ್ ಬಂದರೆ ತಪ್ಪದೆ ಹಾಜರಾಗಿ

ನೋಟಿಸ್ ಬೇರೆ, ಸಮನ್ಸ್ ಬೇರೆ. ಚೆನ್ನೈನಲ್ಲಿ ಮನೆ ಬಿಡಿಸಲು ಓನರ್ ಹಾಕುವ ಅರ್ಜಿಗಳು ಸ್ಮಾಲ್ ಕಾಸಸ್ ಕೋರ್ಟಿನ ನ್ಯಾಯಾಧೀಶರ ಮುಂದೆ ನಡೆಯುತ್ತವೆ. ನೀವು ಹೋಗದಿದ್ದರೆ ಓನರ್ ಹೇಳಿದ್ದನ್ನಷ್ಟೇ ಕೇಳಿ ಆದೇಶವಾಗುತ್ತದೆ. ಆಮೇಲೆ ನೋಟಿಸಿನಲ್ಲಿ ತಪ್ಪಿತ್ತು ಎಂದು ಹೇಳಲು ಹೊರಟರೆ ಕೇಳುವವರಿಲ್ಲ. ತೀರ್ಪು ವಿರುದ್ಧವಾಗಿ ಬಂದರೆ ಬಾಡಿಗೆ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು ಇರುವುದು 30 ದಿನ. ಬಾಡಿಗೆ ಮುಗಿದ ಮೇಲೂ ಕೂತರೆ ದುಪ್ಪಟ್ಟು ಬಾಡಿಗೆಯ ಲೆಕ್ಕದಲ್ಲಿ ಪರಿಹಾರ ತೆರಬೇಕಾದೀತು ಎಂಬುದೂ ನೆನಪಿರಲಿ.

ವಕೀಲರ ಫೀಸಿಗೆ ಹಣವಿಲ್ಲವೆಂದು ಹಿಂಜರಿಯಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ನೆರವು ಇದೆ. ಆದಾಯ ಮಿತಿಯೊಳಗಿನ ಉಳಿದವರಿಗೂ ಇದೆ. ಸಹಾಯವಾಣಿ ಸಂಖ್ಯೆ 15100.

10. ಬಿಡುವುದೇ ಆದರೆ ಬರೆಸಿಕೊಂಡು ಬಿಡಿ

ಓನರ್‌ಗೆ ಮನೆ ನಿಜವಾಗಿಯೂ ಬೇಕಿದ್ದರೆ, ನಿಮಗೂ ಬೇರೆ ಮನೆ ಸಿಗುವಂತಿದ್ದರೆ, ರಾಜಿಯಷ್ಟು ಅಗ್ಗದ ಕೇಸು ಇನ್ನೊಂದಿಲ್ಲ. ಮಕ್ಕಳ ಪರೀಕ್ಷೆ ಮುಗಿಯುವ ತನಕ ಸಮಯ ಕೇಳಿ. ಬಿಡುವ ದಿನ, ಅಡ್ವಾನ್ಸ್ ಹಿಂತಿರುಗಿಸುವ ದಿನ, ಬಣ್ಣ ಬಳಿಸಲು ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದು, ಈ ಮೂರನ್ನೂ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಕರಾರಿನಲ್ಲಿ ಬೇರೆ ಹೇಳಿರದಿದ್ದರೆ ಕಾಯ್ದೆ ಒಪ್ಪುವ ಅಡ್ವಾನ್ಸ್ ಮೂರು ತಿಂಗಳ ಬಾಡಿಗೆಯಷ್ಟು. ಖಾಲಿ ಮಾಡಿದ ಒಂದು ತಿಂಗಳೊಳಗೆ ಅದು ವಾಪಸ್ ಬರಬೇಕು. ಕೀಲಿ ಕೊಡುವ ಮೊದಲು ಪ್ರತಿ ಕೋಣೆಯ ವಿಡಿಯೊ ಮಾಡಿ, ಕೀಲಿ ಕೊಟ್ಟಿದ್ದಕ್ಕೆ ಸಹಿ ಪಡೆಯಿರಿ.

ಕೊನೆಯದಾಗಿ, ಇನ್ನೂ ನೋಟಿಸ್ ಬಾರದವರಿಗೆ ಒಂದು ಮಾತು. ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಬೇಡ ಎಂಬ ಹಳೇ ನಂಬಿಕೆ ತಮಿಳುನಾಡಿನಲ್ಲಿ ಈಗ ನಡೆಯುವುದಿಲ್ಲ. ಅವಧಿ ಎಷ್ಟೇ ಇರಲಿ, ಕರಾರು ಲಿಖಿತವಾಗಿರಬೇಕು, ಬಾಡಿಗೆ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಕರಾರು ಮಾಡಿಕೊಳ್ಳದಿರುವುದೇ ಮನೆ ಬಿಡಿಸಲು ಒಂದು ಕಾರಣವಾಗಬಲ್ಲದು. ಈ ಭಾನುವಾರ ಬೀರು ತೆಗೆದು ನಿಮ್ಮ ಕರಾರುಪತ್ರ ಹುಡುಕಿ. ಅದರಲ್ಲಿ ನೋಂದಣಿ ಸಂಖ್ಯೆ ಇಲ್ಲದಿದ್ದರೆ ಸೋಮವಾರವೇ ಓನರ್ ಜೊತೆ ಮಾತಾಡಿ.