ವಿಮಾನ ಹತ್ತಿ, ಸೂಟ್‌ಕೇಸ್ ಮಾತ್ರ ಎತ್ತಬೇಡಿ

ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಟ ತಾಯಿಗೆ ಹಿಂದೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿದ್ದರೆ, ಟಿಕೆಟ್ ಮಾಡಿಸುವ ಮೊದಲೇ ಯಾರಾದರೊಬ್ಬರು ಹೆದರಿಸುತ್ತಾರೆ: ‘ವಿಮಾನದಲ್ಲಿ ಹೋದರೆ ಕೈ ಬಾತುಕೊಳ್ಳುತ್ತಂತೆ.’ ಈ ಹೆದರಿಕೆಗೆ ಒಂದು ಕಾರಣವಂತೂ ಇದೆ. ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಾಗ ಅಥವಾ ಅಲ್ಲಿಗೆ ರೇಡಿಯೇಷನ್ ಕೊಟ್ಟಾಗ ಕೈಯಿಂದ ದುಗ್ಧರಸ ಹರಿದುಹೋಗುವ ದಾರಿ ಕಿರಿದಾಗುತ್ತದೆ. ರಸ ಚರ್ಮದ ಕೆಳಗೆ ನಿಂತು ಕೈ ಊದಿಕೊಳ್ಳುವುದೇ ಲಿಂಫೆಡೀಮಾ. ವಿಮಾನದೊಳಗಿನ ಗಾಳಿಯ ಒತ್ತಡ ನೆಲದ ಮೇಲಿನಷ್ಟು ಇರುವುದಿಲ್ಲ. 6ರಿಂದ 8 ಸಾವಿರ ಅಡಿ ಎತ್ತರದಲ್ಲಿ, ಅಂದರೆ ಮುಳ್ಳಯ್ಯನಗಿರಿಯ ತುದಿಯಲ್ಲಿ ಅಥವಾ ಅದಕ್ಕೂ ಸ್ವಲ್ಪ ಮೇಲೆ ಎಷ್ಟಿರುತ್ತದೋ ಅಷ್ಟು. ಒತ್ತಡ ತಗ್ಗಿದಾಗ ರಸ ಹೆಚ್ಚು ನಿಲ್ಲಬಹುದು ಎಂಬುದು ಹಳೆಯ ಊಹೆ.

ಪರೀಕ್ಷಿಸಿ ನೋಡಿದಾಗ ಅದಕ್ಕೆ ಬಲ ಸಿಗಲಿಲ್ಲ. ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರು 600ಕ್ಕೂ ಹೆಚ್ಚು ಮಹಿಳೆಯರ ಕೈಗಳನ್ನು ಮತ್ತೆ ಮತ್ತೆ ಅಳೆದು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿಮಾನಯಾನಕ್ಕೂ ಬಾವಿಗೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ಸಂಬಂಧ ಕಂಡದ್ದು ಕಂಕುಳಿನ ಗ್ರಂಥಿಗಳ ಪೂರ್ಣ ಆಪರೇಷನ್‌ಗೆ, ಆ ಭಾಗದ ರೇಡಿಯೇಷನ್‌ಗೆ, ಹೆಚ್ಚಿದ ಮೈತೂಕಕ್ಕೆ ಮತ್ತು ಚರ್ಮದ ಸೋಂಕಿಗೆ. ಹಾಗಾಗಿ ಬಾವಿನ ಭಯಕ್ಕೇ ಪ್ರಯಾಣ ಕೈಬಿಡಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಈಗಾಗಲೇ ಕೈ ಬಾತಿರುವವರು ಮಾತ್ರ ಹೆಚ್ಚು ಎಚ್ಚರ ವಹಿಸಬೇಕು.

ಟಿಕೆಟ್‌ಗೆ ಮೊದಲು

ಡಿಸ್ಚಾರ್ಜ್ ಸಮರಿ ತೆಗೆದು ನೋಡಿ. ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸುವ ಸೆಂಟಿನೆಲ್ ನೋಡ್ ಬಯಾಪ್ಸಿ ಆಗಿದ್ದರೆ ಬಾವು ಬರುವುದು ಸುಮಾರು 20 ಜನರಲ್ಲಿ ಒಬ್ಬರಿಗೆ. ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆದಿದ್ದರೆ ಸುಮಾರು ಐವರಲ್ಲಿ ಒಬ್ಬರಿಗೆ. ಆಪರೇಷನ್ ಇತ್ತೀಚಿನದಾದರೆ ಡ್ರೈನ್ ತೆಗೆದು, ಗಾಯ ಮಾಗಿ, ಸರ್ಜನ್ ಒಪ್ಪುವವರೆಗೆ ಕಾಯಿರಿ.

ಹೊರಡುವ ವಾರ ಎರಡೂ ಕೈಗಳನ್ನು ಟೇಪಿನಲ್ಲಿ ಅಳೆಯಿರಿ: ಮಣಿಕಟ್ಟಿನಲ್ಲಿ, ಮೊಣಕೈ ಮಡಿಕೆಯಿಂದ 10 ಸೆಂ.ಮೀ. ಕೆಳಗೆ, 10 ಸೆಂ.ಮೀ. ಮೇಲೆ. ಬರೆದಿಟ್ಟುಕೊಳ್ಳಿ. ತಲುಪಿದ ಮೇಲೆ ‘ಕೈ ಭಾರ ಅನಿಸುತ್ತಿದೆಯಲ್ಲ’ ಎಂದು ಸಂಶಯ ಬಂದರೆ ಹೋಲಿಸಿ ನೋಡಲು ಬೇರೆ ಆಧಾರವಿರುವುದಿಲ್ಲ.

ಸ್ಲೀವ್ ಯಾರಿಗೆ?

ಹೆಚ್ಚು ತಪ್ಪಾಗುವುದು ಇಲ್ಲೇ. ಕೈ ಬಾತಿರುವವರು ವಿಮಾನ ಏರುವ ಮೊದಲೇ ತೋಳನ್ನು ಬಿಗಿಯಾಗಿ ಹಿಡಿಯುವ ಕಂಪ್ರೆಷನ್ ಸ್ಲೀವ್ ಹಾಕಿಕೊಂಡು, ಇಳಿದ ಮೇಲೂ ಕೆಲವು ಗಂಟೆ ತೆಗೆಯದೆ ಇರಬೇಕು. ಎಂದೂ ಬಾವು ಬಾರದವರೆಲ್ಲರಿಗೂ ಅದು ಬೇಕಿಲ್ಲ. ನಿಮ್ಮ ಆಪರೇಷನ್, ರೇಡಿಯೇಷನ್ ನೋಡಿ ವೈದ್ಯರು ಅಥವಾ ಫಿಸಿಯೋಥೆರಪಿಸ್ಟ್ ಹೇಳಲಿ. ‘ಇರಲಿ, ಒಳ್ಳೆಯದೇ’ ಎಂದು ಆನ್‌ಲೈನಿನಲ್ಲಿ ಎಂ ಅಥವಾ ಎಲ್ ಸೈಜು ತರಿಸಿ ಹಾಕಿಕೊಳ್ಳುವುದಕ್ಕಿಂತ ಬರಿಗೈಯಲ್ಲಿ ಹೋಗುವುದೇ ಮೇಲು. ಅಳತೆ ತಪ್ಪಿದ ಸ್ಲೀವ್ ಒಂದೇ ಕಡೆ ಬಿಗಿದು ರಸವನ್ನು ತಡೆಯುತ್ತದೆ.

ಅಳತೆ ಕೊಟ್ಟೇ ಕೊಳ್ಳಿ. ಸ್ಲೀವ್ ಮಣಿಕಟ್ಟಿಗೆ ನಿಂತರೆ ರಸ ಅಂಗೈ, ಬೆರಳುಗಳಲ್ಲಿ ಶೇಖರವಾಗಬಹುದು. ಅಂಗೈಗೂ ಗವಸು ಬೇಕೇ ಎಂದು ಕೇಳಿ. ಉದ್ದ ಹೆಚ್ಚಾಯಿತೆಂದು ಮೇಲಂಚು ಮಡಿಚಬಾರದು, ಮಡಿಕೆ ದಾರ ಕಟ್ಟಿದ ಹಾಗೆ ಬಿಗಿಯುತ್ತದೆ. ಹೊಸದನ್ನು ಮನೆಯಲ್ಲೇ ಕೆಲವು ದಿನ ಹಾಕಿ ರೂಢಿಸಿಕೊಳ್ಳಿ. ದಿನವೂ ಹಾಕುವ ಸ್ಲೀವ್ ಸುಮಾರು ಆರು ತಿಂಗಳಿಗೆ ಸಡಿಲವಾಗುತ್ತದೆ, ಬೀರುವಿನ ಹಳೆಯದನ್ನು ನಂಬಬೇಡಿ. ಬೆರಳು ಜುಮ್ಮೆಂದರೆ, ಬಣ್ಣ ತಿರುಗಿದರೆ ತಕ್ಷಣ ತೆಗೆಯಿರಿ.

ಬಳೆ, ಬ್ಯಾಗು, ಮಾತ್ರೆ

ಹೊರಡುವ ಮುನ್ನ ಮನೆಯಲ್ಲಿ ಶುಭಕಾರ್ಯವಿದ್ದರೆ ಬಳೆಗಾರರ ಮುಂದೆ ಆಪರೇಷನ್ ಆಗದ ಕಡೆಯ ಕೈಯನ್ನೇ ಚಾಚಿ. ಬಿಗಿಯಾದ ಗಾಜಿನ ಬಳೆಯನ್ನು ಹಿಂಡಿ ಏರಿಸುವಾಗ ಚೂರು ತಾಗಿ ಗೀರಿದರೆ ಸೋಂಕಿಗೆ ದಾರಿಯಾಗುತ್ತದೆ. ಪ್ರಯಾಣದ ದಿನ ಆಪರೇಷನ್ ಆದ ಕಡೆಯ ಕೈಯ ಉಂಗುರ, ವಾಚು ತೆಗೆದಿಡಿ. ರವಿಕೆಯ ತೋಳು ಸಡಿಲವಿರಲಿ.

ಉಪ್ಪಿನಕಾಯಿ, ಚಟ್ನಿಪುಡಿ, ಅಂಟಿನುಂಡೆ ಎಂದು ತುಂಬಿದ 23 ಕಿಲೋ ಪೆಟ್ಟಿಗೆಯನ್ನು ಬೆಲ್ಟಿನಿಂದ ಎತ್ತಿಕೊಳ್ಳುವುದು ವಿಮಾನದೊಳಗಿನ ಹದಿನಾರು ಗಂಟೆಗಿಂತ ಕೈಗೆ ಕಷ್ಟ. ಕ್ರಮವಾಗಿ ಅಭ್ಯಾಸ ಮಾಡಿದವರು ಭಾರ ಎತ್ತಬಾರದೆಂದಿಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದ ಕೈ ಒಮ್ಮೆಗೇ ಎಳೆದಾಡುವುದು ಬೇಡ. ಟಿಕೆಟ್ ಮಾಡಿಸುವಾಗಲೇ ವೀಲ್‌ಚೇರ್ ನೆರವು ಕೇಳಿ, ಅದರಲ್ಲಿ ಸಂಕೋಚ ಬೇಡ. ಮೇಲಿನ ಕಪಾಟಿಗೆ ಬ್ಯಾಗ್ ಇಡಲು ಸಿಬ್ಬಂದಿಯನ್ನು ಕರೆಯಿರಿ.

ಭಾರತದ ವೈದ್ಯರ ಚೀಟಿಗೆ ಅಮೆರಿಕದ ಅಂಗಡಿಗಳು ಸಾಮಾನ್ಯವಾಗಿ ಮಾತ್ರೆ ಕೊಡುವುದಿಲ್ಲ. ಹಿಂದೆ ಕೈಗೆ ಸೋಂಕಾಗಿದ್ದರೆ ಆಂಟಿಬಯಾಟಿಕ್ ಜೊತೆಗೆ ಒಯ್ಯುವ ಬಗ್ಗೆ ವೈದ್ಯರನ್ನು ಕೇಳಿ. ಟ್ಯಾಮೊಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತ ಹೆಪ್ಪುಗಟ್ಟುವ ಅಪಾಯ ತುಸು ಹೆಚ್ಚು. ದೀರ್ಘ ಪ್ರಯಾಣದಲ್ಲಿ ಇದು ಕೈ ಬಾವಿಗಿಂತ ಗಂಭೀರ ವಿಷಯ, ಅದನ್ನೂ ಕೇಳಿಕೊಳ್ಳಿ. ಇನ್ಶೂರೆನ್ಸ್ ಕೊಳ್ಳುವಾಗ ಹಳೆಯ ಕಾಯಿಲೆಗೆ ಅನ್ವಯಿಸುತ್ತದೆಯೇ ಎಂದು ಓದಿ ನೋಡಿ.

ಸಿಲಿಕಾನ್ ಕೃತಕ ಸ್ತನ ಧರಿಸುವವರು ತಪಾಸಣೆಗೆ ಮೊದಲೇ ಮಹಿಳಾ ಸಿಬ್ಬಂದಿಗೆ ಮೆಲ್ಲಗೆ ಹೇಳಿಬಿಡಿ. ವೈದ್ಯರ ಒಂದು ಪತ್ರ ಕೈಚೀಲದಲ್ಲಿರಲಿ.

ಸೀಟಿನಲ್ಲಿ ಕೂತ ಮೇಲೆ

ಓಡಾಡಲು ಸುಲಭವಾಗುವ ದಾರಿಯ ಪಕ್ಕದ ಸೀಟು ಒಳ್ಳೆಯದು. ಎಚ್ಚರವಿದ್ದಾಗ ಗಂಟೆಗೊಮ್ಮೆ ಹೀಗೆ ಮಾಡಿ: ಮೊದಲು ಹೊಟ್ಟೆ ತುಂಬುವಂತೆ ಐದು ಸಲ ನಿಧಾನವಾಗಿ ಉಸಿರಾಡಿ. ಭುಜ ತಿರುಗಿಸಿ. ಕೈ ಮೇಲೆತ್ತಿ ಹತ್ತು ಸಲ ಮುಷ್ಟಿ ಬಿಗಿದು ಬಿಡಿ. ಮಣಿಕಟ್ಟು ತಿರುಗಿಸಿ, ಮೊಣಕೈ ಮಡಿಚಿ ಚಾಚಿ. ಸ್ನಾಯು ಹಿಂಡಿದಾಗ ದುಗ್ಧರಸ ಮುಂದೆ ಸಾಗುವುದು ಸುಲಭ. ಹಿಂಡುವ ಕೆಲಸಕ್ಕೆ ಹೃದಯದಂಥ ಪಂಪು ಅದಕ್ಕಿಲ್ಲ. ನಡುನಡುವೆ ಎದ್ದು ಓಡಾಡಿದರೆ ಕಾಲಿಗೂ ಒಳ್ಳೆಯದು. ಒಳಗಿನ ಗಾಳಿ ತೀರಾ ಒಣ, ಆಗಾಗ ನೀರು ಕುಡಿಯಿರಿ. ಆಪರೇಷನ್ ಆದ ಕಡೆಯ ಕೈಯನ್ನು ತಲೆಗೆ ದಿಂಬಾಗಿಸಿ ಮಲಗಬೇಡಿ.

ತಲುಪಿದ ನಂತರ

ಮಾರನೆಯ ದಿನ ಅದೇ ಜಾಗಗಳಲ್ಲಿ ಮತ್ತೆ ಅಳೆಯಿರಿ. ಹೊರಡುವಾಗಿನ ಅಳತೆಗಿಂತ 2 ಸೆಂ.ಮೀ. ಹೆಚ್ಚಾಗಿದ್ದರೆ, ಅಥವಾ ಭಾರ, ಬಿಗಿತ ಕೆಲವು ದಿನಗಳಲ್ಲಿ ಹೋಗದಿದ್ದರೆ ಊರಿನ ವೈದ್ಯರಿಗೆ ವಿಡಿಯೊ ಕರೆ ಮಾಡಿ ತೋರಿಸಿ. ಮೊದಲೇ ಹಿಡಿದ ಬಾವು ಬೇಗ ಹತೋಟಿಗೆ ಬರುತ್ತದೆ. ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಅಥವಾ ಚಳಿ ಬಂದರೆ ಮಾತ್ರ ವಿಡಿಯೊ ಕರೆ ಸಾಲದು. ಅದು ಸೋಂಕು, ಅದೇ ದಿನ ಅಲ್ಲಿನ ಆಸ್ಪತ್ರೆಗೆ ಹೋಗಬೇಕು. ಬಾಣಂತಿಗೆಂದು ಕಾಯಿಸಿದ ಎಣ್ಣೆಯಲ್ಲೇ ಒಂದಿಷ್ಟು ಹಚ್ಚಿ ಕೈ ನೀವುವುದಾಗಲಿ, ಶಾಖ ಕೊಡುವುದಾಗಲಿ ಬೇಡ.